ಮೋಸಂಬಿ ರಸಕ್ಕೆ ಹಾಕಿದ ಆಣೆ

ಅದು ಆಗುವ ಹಿಂದಿನ ದಿನ ನಮ್ಮ ಯಜಮಾನರು ಲಕ್ಷ್ಮೇಶ್ವರಕ್ಕೆ ಹೋಗಿ ಸೀರೆ ಕೊಟ್ಟು ಬಂದರು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತಂತೆ, ಅದಕ್ಕೇ ಖುಷಿ. ಬರುವಾಗ ಹಾಗಲಕಾಯಿ ತಂದಿದ್ದರು. ನಾನೇ ಹೇಳಿ ಕಳಿಸಿದ್ದೆ. ಚೀಲವನ್ನು ನನ್ನ ಮುಂದೆ ಸುರುವಿದರು.

"ತಗೋ, ನಿನ್ನ ಮುಂಡರಗಿ ತವರಮನಿ ಸಕ್ಕರಿ."

"ಕುಡಿಯೂ ಮುಂದ ಮಾರಿ ಕಿವಚಬ್ಯಾಡ್ರಿ ಮತ್ತ."

"ಮದುವಿ ಆದಾಗಿಂದ ಕಹಿ ರೂಢಿ ಆಗೇತಿ ಬಿಡ."

ರಾತ್ರಿ ರೊಟ್ಟಿ, ಹೆಸರುಕಾಳು ಪಲ್ಯ ಉಂಡರು. ಮಗ್ಗಕ್ಕೆ ಕೈ ಮುಗಿದು ಮಲಗಿದರು. ಆ ದಿನ ಅಷ್ಟೇ.

ಅವರು ಬೆಟಗೇರಿಯ ನೇಕಾರರು. ಹೆಸರು ನನ್ನ ಬಾಯಿಂದ ಬರುವುದಿಲ್ಲ, ರೂಢಿ ಇಲ್ಲ. ಓಣಿಯವರು ಸಿದ್ದಾರೂಢಣ್ಣ ಎನ್ನುತ್ತಿದ್ದರು. ಮಗ್ಗದ ತಗ್ಗಿನಲ್ಲಿ ಕಾಲು ಬಿಟ್ಟು ಕುಂತರೆ ಸೀರೆಯ ಅಂಚು ಒಂದು ಎಳೆಯೂ ಸೊಟ್ಟ ಹೋಗುತ್ತಿರಲಿಲ್ಲ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದನ್ನು ಒಂದು ಸಲವೂ ನನ್ನ ಮೇಲೆ ಹಾಕಲಿಲ್ಲ.

ಅವರ ಚಟ ಒಂದೇ. ಓಣಿಯ ಬಾಯಿಯಲ್ಲಿ ಗೌಸಸಾಬನ ಹಣ್ಣಿನ ರಸದ ಗಾಡಿ ನಿಲ್ಲುತ್ತದೆ. ಮಗ್ಗದಿಂದ ಎದ್ದರೆ ಅಲ್ಲಿಗೆ ಹೋಗಿ ಮೋಸಂಬಿ ರಸ ಕುಡಿಯಬೇಕು, ಸಕ್ಕರೆ ಹೆಚ್ಚು ಹಾಕಿಸಿ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಡಾಕ್ಟರು ಬೇಡ ಎಂದಿದ್ದರು. ಹಣ್ಣು ಬೇಕಾದರೆ ಒಂದು ಹೋಳು ತಿನ್ನಿ, ರಸ ಮಾಡಿ ಗ್ಲಾಸುಗಟ್ಟಲೆ ಕುಡಿಯಬೇಡಿ ಎಂದಿದ್ದರು. ನಾನು ಬಯ್ದರೆ ಇವರು,

"ದೇವರ ಮುಂದ ಇಡೂ ಹಣ್ಣು ವಿಷ ಆಗತೈತೇನ?" ಎನ್ನುತ್ತಿದ್ದರು.

ಒಂದು ಸಲ ತಲೆ ತಿರುಗುತ್ತದೆ ಎಂದು ಗೋಡೆ ಹಿಡಿದು ನಿಂತರು. ನಾನು ಹೆದರಿ ಬೆಲ್ಲ ಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡು ಕಣ್ಣು ಹೊಡೆದು ನಕ್ಕರು. ಅವತ್ತಿನಿಂದ ಅವರ ತಲೆ ತಿರುಗಿದ್ದನ್ನು ನಾನು ನಂಬಲಿಲ್ಲ.

ಆಮೇಲೆ ನಾನು ಶಿರಹಟ್ಟಿ ಮಠಕ್ಕೆ ಹೋದೆ. ಫಕೀರಸ್ವಾಮಿಗೆ ನಾವೂ ನಡೆದುಕೊಳ್ಳುತ್ತೇವೆ, ಗೌಸಸಾಬನ ಮನೆಯವರೂ ನಡೆದುಕೊಳ್ಳುತ್ತಾರೆ. ಗದ್ದುಗೆಯ ಹೂವು ತಂದು ಅವನ ಗಾಡಿಯ ಮೇಲೆ ಇಟ್ಟೆ.

"ಇದನ್ನ ಮುಟ್ಟಿ ಹೇಳು. ನಮ್ಮ ಮನಿಯವರಿಗೆ ಸಿಹಿ ಕೊಡೂದಿಲ್ಲ ಅಂತ ಹೇಳು."

"ಅಕ್ಕಾ, ಇಷ್ಟಕ್ಕ ಸ್ವಾಮಿನ್ನ ಯಾಕ ತರ್ತಿ? ಬಾಯಿಲೆ ಹೇಳಿದ್ರ ಸಾಲ್ದನ?"

"ನಿಮ್ಮಿಬ್ಬರ ಬಾಯಿ ನನಗ ಗೊತ್ತೈತಿ. ಮುಟ್ಟು."

ಅವನು ಹೂವು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಲ್ಲಿಂದ ಒಂದು ತೊಟ್ಟು ಕೊಡಲಿಲ್ಲ. ಇವರು ದಿನಾ ಹೋಗಿ ಜಗಳ ತೆಗೆಯುತ್ತಿದ್ದರು. "ಲೇ ಗೌಸ್ಯಾ, ನೀ ನನ್ನ ಗೆಣೆಯನೋ, ಆಕಿ ಪೊಲೀಸನೋ?" ಗೌಸಸಾಬ ನಗುತ್ತಿದ್ದ. ಕೊಡುತ್ತಿರಲಿಲ್ಲ. ನನಗೆ ಗೆದ್ದ ಹಾಗಿತ್ತು.

ಮುಳಗುಂದದಲ್ಲಿರುವ ನನ್ನ ತಂಗಿ ಹಾಗಲಕಾಯಿ ರಸ ಕುಡಿಸು ಎಂದಳು. ಖಾಲಿ ಹೊಟ್ಟೆಗೆ ಕುಡಿಸಬೇಕು, ಕುಡಿದ ಮೇಲೆ ಬಹಳ ಹೊತ್ತು ಏನೂ ತಿನ್ನಬಾರದು. ಆಕೆ ಅದನ್ನು ಮೊಬೈಲಿನಲ್ಲಿ ನೋಡಿದ್ದಳು. ನಾನು ಡಾಕ್ಟರನ್ನು ಕೇಳಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನೂ ಬಿಡಿಸಲಿಲ್ಲ. ಎರಡೂ ಕೊಟ್ಟರೆ ಎರಡರಷ್ಟು ಗುಣ ಎಂದುಕೊಂಡೆ.

ಹಾಗಲಕಾಯಿ ತಂದ ಮರುದಿನ ಬೆಳಗ್ಗೆ ಗುಳಿಗೆ ನುಂಗಿಸಿ ದೊಡ್ಡ ಗ್ಲಾಸು ರಸ ಕುಡಿಸಿದೆ. ಮಗ್ಗಕ್ಕೆ ಹೊಸ ಹಾಸಿನ ನೂಲು ಬಂದಿತ್ತು. ಹಳೆಯ ಎಳೆಗೆ ಹೊಸ ಎಳೆ ಕೂಡಿಸುತ್ತ ಕುಂತರೆ ನಮ್ಮಲ್ಲಿ ನಡುವೆ ಏಳುವುದಿಲ್ಲ, ಎದ್ದರೆ ಎಳೆ ತಪ್ಪುತ್ತದೆ. ರೊಟ್ಟಿ ತಣ್ಣಗಾಯಿತು. ನಾನು ಕರೆಯಲಿಲ್ಲ. ಹೊಟ್ಟೆ ಖಾಲಿ ಇದ್ದಷ್ಟೂ ರಸ ಚೆನ್ನಾಗಿ ಕೆಲಸ ಮಾಡುತ್ತದೆ ಎಂದುಕೊಂಡೆ.

ಬಿಸಿಲು ಏರಿದಾಗ ಎದ್ದು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಕೈ ನಡಗಾಕ ಹತ್ಯಾವು. ಏನರ ಸಿಹಿ ಕೊಡ."

"ಈ ನಾಟಕ ನೋಡೀನ್ರಿ. ರೊಟ್ಟಿ ಐತಿ, ಕುಂಡ್ರಿ."

"ಖರೇನ ಲೇ."

"ಬೆಲ್ಲದ ಖರೆ ನನಗ ಗೊತ್ತೈತಿ."

ಅವರು ನಗಲಿಲ್ಲ. ನಾನು ಅದನ್ನು ನೋಡಬೇಕಿತ್ತು. ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಗೌಸಸಾಬ ಓಡಿ ಬಂದ. ಕೈಯಲ್ಲಿ ತುಂಬಿದ ಗ್ಲಾಸಿತ್ತು.

"ಅಕ್ಕಾ, ಅಣ್ಣ ಗಾಡಿ ಹಿಡಕೊಂಡು ನಿಂತಾನ. ಮಾರಿ ಚಲೋ ಇಲ್ಲ. ಒಂದ ಗುಟುಕು ಕೊಡ್ಲೇನ? ಆಣಿ ಬಿಡಿಸು."

"ಕೊಡಬ್ಯಾಡ. ಹಂಗ ಮಾಡ್ತಾರ ಅವರು."

"ಅಕ್ಕಾ..."

"ಬ್ಯಾಡ ಅಂದೆ ಅಲ್ಲ!"

ಅವನು ಹೊಳ್ಳಿ ಓಡಿದ. ಅವನು ಗಾಡಿ ಮುಟ್ಟುವಷ್ಟರಲ್ಲಿ ಇವರು ಅದರ ಗಾಲಿಯ ಹತ್ತಿರ ಬಿದ್ದಿದ್ದರು. ನಾನು ಹೋದಾಗ ಗೌಸಸಾಬ ತಲೆ ತೊಡೆಯ ಮೇಲೆ ಇಟ್ಟುಕೊಂಡು ಬಾಯಿಗೆ ರಸ ಹಾಕುತ್ತಿದ್ದ. ಒಳಗೆ ಹೋಗಲಿಲ್ಲ. ಕುತ್ತಿಗೆ ಮೇಲೆ ಇಳಿಯಿತು.

ಗದಗಿನ ದವಾಖಾನೆಗೆ ಒಯ್ದೆವು. ಆಗಲೇ ಜೀವ ಹೋಗಿತ್ತು. ಅಲ್ಲಿಯ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಸಕ್ಕರೆ ಪೂರ್ತಿ ಇಳಿದು ಹೋಗಿತ್ತು, ಗುಳಿಗೆ ತಗೊಂಡವರು ಉಪವಾಸ ಇರಬಾರದು ಎಂದರು. ಸಕ್ಕರೆ ಕಾಯಿಲೆಯವರಿಗೆ ದಿನಾ ಹಣ್ಣಿನ ರಸ ಒಳ್ಳೆಯದಲ್ಲ, ಅದು ನಿಜ. ಆದರೆ ಬೆವರು ಬಂದು ಕೈ ನಡುಗುವಾಗ, ಎಚ್ಚರ ಇರುವಾಗಲೇ, ಅರ್ಧ ಗ್ಲಾಸು ಸಿಹಿ ರಸ ಕುಡಿಸಬೇಕು, ಆಗ ಅದೇ ಔಷಧ. ಎಚ್ಚರ ತಪ್ಪಿದ ಮೇಲೆ ಬಾಯಿಗೆ ಏನೂ ಹಾಕಬಾರದು ಎಂದೂ ಹೇಳಿದರು. ಇದನ್ನು ಮೊದಲೇ ಯಾರಾದರೂ ನಮಗೆ ಹೇಳಿದ್ದರೋ ಏನೋ. ನನ್ನ ಕಿವಿಗೆ "ಸಿಹಿ ಬೇಡ" ಎಂಬುದಷ್ಟೇ ಬಿದ್ದಿತ್ತು.

ಮಣ್ಣು ಮಾಡಿ ಬಂದರು. ಮನೆ ತುಂಬ ಮಂದಿ. ಪಕ್ಕದ ಮನೆಯ ಉಡಚವ್ವ ನನ್ನ ಬೆನ್ನು ಸವರುತ್ತ ಎಲ್ಲರಿಗೂ ಹೇಳಿದಳು:

"ಗಂಡನ್ನ ಕೂಸಿನಂಗ ನೋಡಿಕೊಂಡ್ಳವಾ ಈಕಿ. ಆ ಗೌಸ್ಯಾಗ ನೋಡ, ಸಾಯೂ ಮನಿಷಾಗ ಒಂದ ಗ್ಲಾಸ ರಸ ಕೊಡಾಕ ಆಗಲಿಲ್ಲ."

ಮೈದುನ ಚನ್ನಬಸವಣ್ಣ ಸಿಟ್ಟಿನಲ್ಲಿದ್ದ. ಆ ಗಾಡಿ ಓಣಿಯಲ್ಲಿ ಇರಬಾರದು ಎಂದ. ಗೌಸಸಾಬ ನನ್ನನ್ನು ಕೇಳಲು ಬಂದಿದ್ದು ಯಾರಿಗೂ ಗೊತ್ತಿರಲಿಲ್ಲ. ಅವನು ಹೇಳಿಕೊಳ್ಳಬಹುದಿತ್ತು. ಹೇಳಿರಲಿಲ್ಲ.

ಮೊದಲ ದಿನ ನಾನು ಸುಮ್ಮನಿದ್ದೆ. ಮರುದಿನವೂ ಸುಮ್ಮನಿದ್ದೆ. ಅಳುವವಳನ್ನು ಯಾರೂ ಏನೂ ಕೇಳುವುದಿಲ್ಲ. ಅದರ ಮರೆಯಲ್ಲಿ ಕುಂತೆ.

ಅದರ ಮರುದಿನ ಗಂಡಸರು ಗಾಡಿ ಎತ್ತಿಸಲು ಎದ್ದರು. ನಾನೂ ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಗೌಸಸಾಬ ಗ್ಲಾಸ ಹಿಡಕೊಂಡ ಓಡಿ ಬಂದು ನನ್ನ ಕೇಳಿದ. ಬ್ಯಾಡ ಅಂದಾಕಿ ನಾ."

"ಅತ್ತಿಗಿ, ದುಃಖದಾಗ ಏನೇನರ ಮಾತಾಡಬ್ಯಾಡ."

"ನನ್ನ ತಲಿ ಶುದ್ಧ ಐತಿ. ಅವರು ನನಗ ಮೊದಲ ಕೇಳಿದ್ರು. ನಾ ಕೊಡಲಿಲ್ಲ. ಅಂವಗೂ ಕೊಡಗೊಡಲಿಲ್ಲ. ಗಾಡಿ ಎತ್ತೂದಾದ್ರ ಮೊದಲ ನನ್ನ ಎತ್ರಿ ಈ ಮನಿಯಿಂದ."

ಚನ್ನಬಸವಣ್ಣ ನನ್ನ ಪಕ್ಕದಿಂದ ಸರಿದು ಹೊರಗೆ ಹೋದ. ಅಣ್ಣನ ಮನೆಗೆ ಮತ್ತೆ ಕಾಲಿಟ್ಟಿಲ್ಲ. ಉಡಚವ್ವ ನನ್ನ ಬೆನ್ನ ಮೇಲಿನ ಕೈ ತೆಗೆದಳು.

"ಹೇಳಬಾರದಿತ್ತವ್ವಾ. ಹೋದಾಂವ ಹೊಳ್ಳಿ ಬರ್ತಾನನ?"

"ಬರೂದಿಲ್ಲ" ಎಂದೆ.

ಗಾಡಿ ಅಲ್ಲೇ ಉಳಿಯಿತು. ಆದರೆ ಗೌಸಸಾಬ ನೀರಿಗೆ ಬರುವುದನ್ನು ಬಿಟ್ಟ. ನಮ್ಮ ಕಡೆ ನಳದ ನೀರು ಬಂದಾಗ ಬಂತು, ಇಲ್ಲದಾಗ ಇಲ್ಲ. ನಮ್ಮ ಮನೆಯಲ್ಲಿ ನೀರಿನ ದೊಡ್ಡ ಟಾಕಿ ಇದೆ. ಗ್ಲಾಸು ತೊಳೆಯಲು ಅವನು ವರ್ಷಗಳಿಂದ ಅದರಿಂದಲೇ ಒಯ್ಯುತ್ತಿದ್ದ. ಅವನ ಎರಡು ಕೊಡ ನಮ್ಮ ಕಟ್ಟೆಯ ಮೇಲೇ ಇರುತ್ತಿದ್ದವು. ಈಗ ಬೇರೆ ಕೊಡ ಹಿಡಿದು ದೂರದ ಬೋರಿಗೆ ಹೋಗುವುದನ್ನು ಕಂಡು ನಾನೇ ಗಾಡಿಯ ಹತ್ತಿರ ಹೋದೆ.

"ನೀರಿಗೆ ಯಾಕ ಬರವಲ್ಲಿ?"

"ಯಾವ ಮಾರಿ ಹೊತ್ತು ಬರ್ಲಿ ಅಕ್ಕಾ? ಗ್ಲಾಸ ನನ್ನ ಕೈಯಾಗ ಇತ್ತು."

"ಬ್ಯಾಡ ಅಂದಾಕಿ ನಾ."

"ಕೇಳಾಕ ಬರಬಾರದಿತ್ತು ನಾ. ಕೊಡಬೇಕಿತ್ತು."

ಒಬ್ಬರ ಪಾಲು ಇನ್ನೊಬ್ಬರು ಹೊತ್ತರೆ ಹಗುರಾಗುವಂಥದ್ದಲ್ಲ ಅದು. ನಾನು ಮನೆಗೆ ಬಂದೆ.

ಅದರ ಮರುದಿನದಿಂದ, ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಟಾಕಿಯ ಮುಚ್ಚಳ ತೆಗೆಯುತ್ತೇನೆ. ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತೇನೆ. ಅವನ ಎರಡೂ ಕೊಡ ತುಂಬಿ ಕಟ್ಟೆಯ ಮೇಲೆ ಇಡುತ್ತೇನೆ. ಈಗ ಅವನು ಬಂದು ಒಯ್ಯುತ್ತಾನೆ, ತಲೆ ಎತ್ತುವುದಿಲ್ಲ. ನಾನು ಒಳಗಿರುತ್ತೇನೆ.