ಮಧ್ಯಾಹ್ನ ತುಂಬಿದ ಕ್ಯಾನುಗಳು

ಸತ್ಯಮಂಗಲದಲ್ಲಿ ಕುಡಿಯುವ ನೀರಿನ ಘಟಕ ಶುರುಮಾಡಿದಾಗಿನಿಂದ ನಾನು ಎಲ್ಲವನ್ನೂ ಅಂದಾಜಿನ ಮೇಲೇ ನಡೆಸಿಕೊಂಡು ಬಂದವಳು. ಬಿಸಿಲು ಜೋರಾದರೆ ಹೆಚ್ಚು ಕ್ಯಾನ್, ಮೋಡ ಕವಿದರೆ ಕಡಿಮೆ. ಅದು ತಪ್ಪಿದ್ದೂ ಕಡಿಮೆಯೇ. ಹಾಗಾಗಿ ಕುಣಿಗಲ್ ಕಡೆಯ ಆರ್ಡರ್‌ಗಳು ಇಳಿಯತೊಡಗಿದಾಗ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟು ದೂರ ಗಾಡಿ ಕಳಿಸುವುದನ್ನೇ ನಿಲ್ಲಿಸಿಬಿಡೋಣ ಅಂದೆ.

ತಡೆದವಳು ನನ್ನ ನಾದಿನಿ. ಅವಳ ಮನೆ ಶೆಟ್ಟಿಹಳ್ಳಿಯಲ್ಲಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಬಂದು ಘಟಕದ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು.

“ಯಾಕೆ ಇಳೀತಿದೆ ಅಂತ ಗೊತ್ತಿಲ್ದೆ ನಿಲ್ಸೋದು ಬೇಡ ಅತ್ತಿಗೆ. ಎರಡು ದಿನ ಟೈಮ್ ಕೊಡಿ.”

“ನೋಡೋಕೇನಿದೆ? ಅಲ್ಲಿನವ್ರಿಗೆ ನಮ್ಮ ನೀರು ಹಿಡಿಸ್ಲಿಲ್ಲ ಕಣೇ, ಅಷ್ಟೇ.”

ಅವಳು ಕೇಳಲಿಲ್ಲ. ಜನ ಫೋನ್ ಮಾಡಿ ದೂರು ಹೇಳಿದ್ದನ್ನು ಬರೆದ ಪುಸ್ತಕ ತೆಗೆದಳು. ವಾಪಸ್ ಬಂದ ಕ್ಯಾನುಗಳ ಮೇಲಿದ್ದ ದಿನ, ಹೊತ್ತು ಗುರುತುಮಾಡಿಕೊಂಡಳು. ಕರೆಂಟ್ ಹೋದಾಗ ಜನರೇಟರ್ ಎಷ್ಟು ಹೊತ್ತು ಓಡಿತು ಎಂದು ಡೀಸೆಲ್‌ಗೋಸ್ಕರ ನಾವು ಬರೆದಿಡುತ್ತಿದ್ದ ನೋಟ್‌ಬುಕ್ಕನ್ನೂ ಬಿಡಲಿಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಹಾಕಿಕೊಂಡು ಕೂತಳು.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದಾಗ ಅವಳ ಮುಖ ಬಿಳಿಚಿಕೊಂಡಿತ್ತು.

“ಅತ್ತಿಗೆ, ವಾಪಸ್ ಬಂದಿರೋದೆಲ್ಲ ಮಧ್ಯಾಹ್ನ ತುಂಬಿದ ಕ್ಯಾನು. ಅದೂ ಜನರೇಟರ್ ಓಡಿದ ದಿನದ್ದು ಮಾತ್ರ. ಬೆಳಿಗ್ಗೆ ತುಂಬಿದ್ದು ಒಂದೂ ಇಲ್ಲ.”

ಕರೆಂಟ್ ಹೋಗುತ್ತಿದ್ದುದೂ ಕುಣಿಗಲ್ ಗಾಡಿಗೆ ನಾವು ತುಂಬುತ್ತಿದ್ದುದೂ ಮಧ್ಯಾಹ್ನವೇ. ನಾನು ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿದೆ. ಜನರೇಟರ್ ಶುರುವಾಯಿತು, ಪಂಪ್ ಓಡಿತು, ನಲ್ಲಿಯಲ್ಲಿ ತಿಳಿಯಾದ ನೀರು ಬಂತು. ಆದರೆ ಯಂತ್ರದ ಹಿಂದೆ, ನೀರಿನಲ್ಲಿನ ಕ್ರಿಮಿ ಕೊಲ್ಲುವ ನೀಲಿ ದೀಪ ಉರಿಯಲಿಲ್ಲ. ಎರಡು ತಿಂಗಳ ಹಿಂದೆ ವೈರಿಂಗ್ ರಿಪೇರಿ ಮಾಡಿದವರು ಆ ದೀಪದ ಲೈನನ್ನು ಜನರೇಟರಿಗೆ ಸೇರಿಸಿಯೇ ಇರಲಿಲ್ಲ. ಆಮೇಲೆ ನಾನೂ ಒಂದು ದಿನ ಬಗ್ಗಿ ನೋಡಿರಲಿಲ್ಲ.

“ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿತ್ತಲ್ವಾ?” ನಾದಿನಿ ಮೆಲ್ಲಗೆ ಕೇಳಿದಳು.

ಹೋಗಿತ್ತು. ಆಗ ತುಂಬಿದ್ದ ನಲವತ್ತು ಕ್ಯಾನ್ ಅಂದು ಬೆಳಿಗ್ಗೆಯೇ ಗುಬ್ಬಿಯ ಒಂದು ಛತ್ರಕ್ಕೆ ಹೋಗಿತ್ತು. ನಾಮಕರಣದ ಊಟಕ್ಕೆ.

ನಾಮಕರಣದ ಮನೆಯವರಿಗೆ ಫೋನ್ ಮಾಡಿದೆ, ರಿಂಗ್ ಆಗುತ್ತಲೇ ಇತ್ತು. ಆಗಷ್ಟೇ ವಾಪಸ್ ಬಂದಿದ್ದ ಗಾಡಿಗೇ ನಾವಿಬ್ಬರೂ ಹತ್ತಿದೆವು.

“ನಾನೇ ಇಳ್ಸಿ ಬಂದ್ನಲ್ಲಕ್ಕ,” ಡ್ರೈವರ್ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ. “ಮಕ್ಳು ಬಂದು ಕುಡಿಯೋಕೆ ನಿಂತ್ಕಂಡಿದ್ವು.”

ಬಾಯಿ ಮುಚ್ಕೊಂಡು ಗಾಡಿ ಓಡ್ಸು ಅಂತ ಗದರಿದೆ. ಗದರಿದ್ದು ಅವನನ್ನಲ್ಲ. ಗುಬ್ಬಿ ಇಷ್ಟು ದೂರ ಇದೆಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನಾವು ಒಳಗೆ ಹೋದಾಗ ಮೊದಲ ಪಂಕ್ತಿ ಕೂತಿತ್ತು. ಎಲೆಯ ಪಕ್ಕ ಲೋಟಗಳಲ್ಲಿ ನೀರು. ನಾದಿನಿ ಕೂಗಿದಳು: “ನೀರು ಕುಡೀಬೇಡಿ! ಯಾರೂ ಕುಡೀಬೇಡಿ!”

ಮಗುವನ್ನೆತ್ತಿಕೊಂಡಿದ್ದ ಅಜ್ಜಿ ಎದ್ದು ಬಂದರು. “ಏನಾಯ್ತವ್ವ?”

“ನೀರು ಸರಿಯಾಗಿ ಶುದ್ಧ ಆಗಿಲ್ಲ ಅಮ್ಮ. ತಪ್ಪು ನಮ್ದೇ. ಮಗೂಗೆ ಕುಡ್ಸಿದ್ದೀರಾ?” ಅಂದೆ ನಾನು.

“ಇದಕ್ಕೆ ಬರೀ ಎದೆಹಾಲು ಕಣವ್ವ.” ನನಗೆ ಉಸಿರು ಬಂತು. ಅಷ್ಟರಲ್ಲಿ ಅವರು ಸುತ್ತ ನೋಡಿದರು. “ಇದರ ಅಣ್ಣ ಬೆಳಿಗ್ಗೆಯಿಂದ ಅದೇ ನೀರು ಕುಡೀತಾ ಅವ್ನೆ.”

ಮೂರು ವರ್ಷದ ಹುಡುಗ. ಕಂಬ ಸುತ್ತಿಕೊಂಡು ಆಡುತ್ತಿದ್ದ.

ಮಗುವಿನ ಅಪ್ಪ ಎಲ್ಲರೆದುರಿಗೆ ಬೈದ. ಖಾಲಿಯಾಗಿದ್ದ ಎಂಟು ಬಿಟ್ಟು ಉಳಿದ ಕ್ಯಾನುಗಳನ್ನು ಹೇರಿಕೊಂಡು ಬಂದೆವು. ಒಂದರ ನೀರನ್ನು ಪರೀಕ್ಷೆಗೆ ಕೊಟ್ಟು ಘಟಕಕ್ಕೆ ಬೀಗ ಹಾಕಿದೆ. ಬೆಳಿಗ್ಗೆ ಸಂಜೆ ಆ ಅಜ್ಜಿಗೆ ಫೋನ್ ಮಾಡುತ್ತಿದ್ದೆ. ಎರಡನೆಯ ದಿನ, “ಹುಡ್ಗನಿಗೆ ಭೇದಿ ಕಣವ್ವ, ಆಸ್ಪತ್ರೆಲಿ ಇಟ್ಕಂಡವ್ರೆ” ಅಂದರು.

ಓಡಿದೆ. ಅಷ್ಟು ಚಿಕ್ಕ ಕೈಗೆ ಡ್ರಿಪ್ಪಿನ ಸೂಜಿ. ಅವನಮ್ಮ ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮರುದಿನ ಅವನು ಅನ್ನ ತಿಂದ. ಆ ಸಂಜೆಯೇ ಮನೆಗೆ ಕಳಿಸಿದರು. ನೀರಿನ ರಿಪೋರ್ಟಿನಲ್ಲಿ ಕ್ರಿಮಿ ಇದೆಯೆಂದೇ ಬಂತು.

ಆಮೇಲೆ ಕುಣಿಗಲ್‌ನ ಮನೆಮನೆಗೂ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಒಬ್ಬ ಹೆಂಗಸು ಪೂರ್ತಿ ಕೇಳಿಸಿಕೊಂಡು, “ವಾಸನೆ ಬರ್ತದೆ ಅಂತ ನಾನು ಎರಡು ಸಲ ಹೇಳಿದ್ನಲ್ಲ ಮೇಡಮ್ಮೋರೆ. ಕ್ಯಾನ್ ಬಿಸಿಲಲ್ಲಿ ಇಟ್ಟಿದ್ದೀರ ಅಂತ ನನಗೇ ಅಂದ್ರಿ,” ಅಂದಳು. ಹುಡುಕಿ ನೋಡಿದೆ. ಅವಳ ಎರಡು ದೂರೂ ಪುಸ್ತಕದಲ್ಲಿತ್ತು, ನನ್ನದೇ ಕೈಬರಹದಲ್ಲಿ.

ಈಗ ದೀಪ ಉರಿಯದಿದ್ದರೆ ಪಂಪೇ ಓಡದಂತೆ ಮಾಡಿಸಿದ್ದೇನೆ. ಕುಣಿಗಲ್ ಗಾಡಿ ನಿಲ್ಲಿಸಲಿಲ್ಲ. ಅರ್ಧದಷ್ಟು ಮನೆಯವರು ಮತ್ತೆ ತರಿಸಿಕೊಳ್ಳುತ್ತಾರೆ. ಪ್ರತಿ ಸೋಮವಾರ ನಾದಿನಿ ವಾರದ ದೂರುಗಳನ್ನು ನನ್ನ ಮುಂದೆ ಓದುತ್ತಾಳೆ. ಮುಚ್ಚಳ ಸಡಿಲ, ಗಾಡಿ ತಡ, ಅಷ್ಟೇ ಇರುತ್ತದೆ. ಆದರೂ ಅವಳು ಪೂರ್ತಿ ಓದಿ ಮುಗಿಸುವವರೆಗೆ ನಾನು ಬೇರೆ ಯಾವ ಕೆಲಸವನ್ನೂ ಮುಟ್ಟುವುದಿಲ್ಲ.