ಒಂಬತ್ತು ದಾಟದ ಚಕ್ರ

ಲೆಕ್ಕದ ಯಂತ್ರವೆಂದರೆ ನನಗೆ ಇವತ್ತಿಗೂ ನೆನಪಾಗುವುದು ಹಿಡಿಕೆ ತಿರುಗಿಸುವ ಆ ಕಬ್ಬಿಣದ ಪೆಟ್ಟಿಗೆ. ಮೆಟ್ರಿಕ್ ಮುಗಿಸಿ ರೋಣದಲ್ಲಿ ಹೊಲ ಅಳೆಯುವ ಸಾಹೇಬರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದಾಗ ಅದು ಮೇಜಿನ ಮೇಲೆ ಕೂತಿತ್ತು. ಹಿಡಿಕೆ ಮುಂದಕ್ಕೆ ತಿರುಗಿದರೆ ಕೂಡುತ್ತಿತ್ತು, ಹಿಂದಕ್ಕೆ ತಿರುಗಿದರೆ ಕಳೆಯುತ್ತಿತ್ತು. ಸೊನ್ನೆಗಿಂತ ಕೆಳಗಿಳಿದರೆ ಟಿಣ್ ಎಂದು ಗಂಟೆ ಬಾರಿಸುತ್ತಿತ್ತು. ಕರೆಂಟು ಬೇಡ. ಒಳಗೆ ಬರೀ ಹಲ್ಲಿನ ಚಕ್ರಗಳು. ಒಂದು ಚಕ್ರ ಒಂಬತ್ತನ್ನು ದಾಟುವಾಗ ಪಕ್ಕದ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳಬೇಕು. ನಾವು ಸಣ್ಣ ತರಗತಿಯಲ್ಲಿ ಕಲಿತ ಇಷ್ಟನ್ನು ಕಬ್ಬಿಣಕ್ಕೆ ಕಲಿಸಲು ಪರದೇಶದವರು ನೂರಾರು ವರ್ಷ ತಿಣುಕಿದರೆಂದು ಸಾಹೇಬರು ಹೇಳುತ್ತಿದ್ದರು.

ಅದೇ ಕೋಣೆಯಲ್ಲಿ ಅಬ್ಬಿಗೇರಿಯ ಹಿರಿಯ ಗುಮಾಸ್ತರೊಬ್ಬರಿದ್ದರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ತುಟಿಯಲ್ಲೇ ಅಂದುಕೊಂಡು, ನಾನು ಹಿಡಿಕೆ ಬಿಡುವುದರೊಳಗೆ ಹೊಲದ ಗುಂಟೆ ಹೇಳಿಬಿಡುತ್ತಿದ್ದರು. ಪ್ರತಿ ಹಾಳೆಗೂ ಎರಡು ಸಹಿ ಬೇಕಿತ್ತು. ಲೆಕ್ಕ ಮಾಡಿದವನೆಂದು ನನ್ನದು, ತಾಳೆ ನೋಡಿದವರೆಂದು ಅವರದು.

ಒಮ್ಮೆ ಗಜೇಂದ್ರಗಡದ ಕೆಲಸ ಮುಗಿಸಿ ಬರುವಾಗ ನಾನು ಬಸ್ಸಿನಲ್ಲಿ ನಿದ್ದೆ ಹೋದೆ. ತೊಡೆಯ ಮೇಲಿದ್ದ ಯಂತ್ರ ಕೆಳಗೆ ಬಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ. ಆದರೆ ಮರುದಿನ ತಿರುಗಿಸಿ ನೋಡಿದರೆ ಬಿಡಿಯ ಚಕ್ರ ಒಂಬತ್ತು ದಾಟಿದರೂ ಹತ್ತರ ಚಕ್ರ ಕದಲಲಿಲ್ಲ. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಅಂಥ ಜಾಗ ಬಂದಾಗ ಹತ್ತನ್ನು ಮನಸ್ಸಿನಲ್ಲೇ ಸೇರಿಸಿ ಬರೆಯುತ್ತಿದ್ದೆ.

ಕೊಣ್ಣೂರಿನ ಹೊಲವೊಂದರಲ್ಲಿ ಸೇರಿಸುವುದು ಮರೆತೆ. ಹಿರಿಯರು ಹಾಳೆ ನೋಡಿ, ಹತ್ತು ಗುಂಟೆ ಕಡಿಮೆ ಬಂದಿದೆ, ಸಹಿ ಮಾಡುವುದಿಲ್ಲ ಎಂದರು. ಹೊಳೆ ಏರುತ್ತಿತ್ತು, ಸೇತುವೆ ಮುಳುಗುವ ಮೊದಲು ಸಾಹೇಬರು ಆ ಹಾಳೆ ಹಿಡಿದು ಕೊಣ್ಣೂರಿಗೆ ಮುಟ್ಟಬೇಕಿತ್ತು. ತಮ್ಮೆದುರೇ ಇನ್ನೊಮ್ಮೆ ತಿರುಗಿಸು ಎಂದು ಸಾಹೇಬರು ನನಗೆ ಹೇಳಿದರು. ತಿರುಗಿಸಿದೆ. ಮುರಿದ ಹಲ್ಲು ಅದೇ ಉತ್ತರ ಕೊಟ್ಟಿತು.

"ಕಬ್ಬಿಣಕ್ಕ ವಯಸ್ಸಾಗೂದಿಲ್ರಿ, ನಿಮಗ ಆಗೇತಿ," ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ.

ಹಾಳೆ ಅದೇ ಲೆಕ್ಕದಲ್ಲಿ ಹೋಯಿತು. ಹಿರಿಯರನ್ನು ಲೆಕ್ಕದಿಂದ ಬಿಡಿಸಿ ಟಪಾಲು ಬರೆಯಲು ಕೂರಿಸಿದರು. ಆಮೇಲೆ ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಒಬ್ಬ ಎಣ್ಣೆ ಹಾಕಲೆಂದು ಯಂತ್ರ ಬಿಚ್ಚಿ, ಮುರಿದ ಹಲ್ಲನ್ನು ನನ್ನ ಅಂಗೈಯಲ್ಲಿಟ್ಟ. ಅದನ್ನು ಹಿತ್ತಲಿಗೆ ಎಸೆದೆ. ಮುಂದೆ ಮತ್ತೆ ಅಳತೆಯಾದಾಗ ಹೊಲದ ಗುಂಟೆ ಸರಿಹೋಯಿತು. ಹಿರಿಯರ ಹೆಸರು ಸರಿಹೋಗಲಿಲ್ಲ.

ಸುದ್ದಿ ಅವರ ಮನೆಗೂ ಮುಟ್ಟಿತ್ತು. ಒಮ್ಮೆ ಅಲ್ಲಿ ಊಟಕ್ಕೆ ಕೂತಾಗ ಅವರು, ಹುಡುಗನಿಗೆ ಎರಡೇ ರೊಟ್ಟಿ ಆಯಿತು, ಇನ್ನೊಂದು ಹಾಕು ಎಂದರು. ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಅಂದರು: "ನಿಮ್ಮ ಎಣಿಕಿ ಬ್ಯಾಡ್ರಿ, ಯಂತ್ರ ತರಸೂಣು." ಹಿರಿಯರು ತಲೆ ಬಗ್ಗಿಸಿ ಉಂಡರು. ನಾನು ಮೂರನೆಯ ರೊಟ್ಟಿಯನ್ನೂ ತಿಂದೆ.

ಹೋದ ತಿಂಗಳು ಅಬ್ಬಿಗೇರಿಗೆ ಹೋದೆ. ಹಿರಿಯರಿಗೆ ಈಗ ತೊಂಬತ್ತರ ಹತ್ತಿರ. ಎಲ್ಲವನ್ನೂ ಹೇಳಿದೆ: ಬಸ್ಸು, ನಿದ್ದೆ, ಹಲ್ಲು. ಬೈಯುತ್ತಾರೆಂದುಕೊಂಡಿದ್ದೆ, ಇಲ್ಲವೇ ಕ್ಷಮಿಸುತ್ತಾರೆಂದು.

"ನನ್ನ ಲೆಕ್ಕ ಬರೋಬರಿ ಇತ್ತಂತ ನನಗ ಅವತ್ತ ಗೊತ್ತಿತ್ತು, ತಮ್ಮಾ. ನನಗ್ಯಾಕ ಹೇಳ್ತಿ? ಅಕಿ ಮುಂದ ಹೇಳು," ಎಂದರು.

ವೈನಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಅವರಿಗೆ ಕಿವಿ ಮಂದ. ಎಲ್ಲವನ್ನೂ ಮತ್ತೆ ಮೊದಲಿನಿಂದ, ಗಟ್ಟಿಯಾಗಿ ಹೇಳಬೇಕಾಯಿತು. ಮುಗಿದ ಮೇಲೆ ಅವರು ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದರು.

"ಖರೇ ಏನ್ರಿ?"

ಹಿರಿಯರು ಹೌದೆಂದು ತಲೆಯಾಡಿಸಿದರು.

"ಮತ್ತ ನಾ ಇಷ್ಟ ವರ್ಷ ಅಂದದ್ದೆಲ್ಲಾ?" ಎಂದರು ವೈನಿ. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ವೈನಿ ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದರು. ಒಂದೇ ಕಪ್ಪು. ಅದನ್ನು ಗಂಡನ ಮುಂದೆ ಇಟ್ಟರು.