ಮಗಳ ಟ್ಯೂಬಿಗೆ ಅಪ್ಪನ ಎಂಜಲು

"ಅಪ್ಪಾ, ಇದರಾಗ ಉಗುಳು."

ಗದಗಿನ ಎಪಿಎಂಸಿ ಯಾರ್ಡಿನಲ್ಲಿ, ನನ್ನ ಜೊತೆ ಚೀಲ ಹೊರುವ ಎಲ್ಲ ಹಮಾಲರ ಎದುರಿಗೆ, ಮಗಳು ರೇಣುಕಾ ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬೊಂದನ್ನು ನನ್ನ ಮೂಗಿನ ಮುಂದೆ ಹಿಡಿದಳು. ನಮ್ಮ ಮನೆಯಲ್ಲಿ ಎಂಜಲು ಕೈಯಿಂದ ನೀರಿನ ಕೊಡ ಮುಟ್ಟಿದರೂ ಬೈಗುಳ ತಪ್ಪದು. ಹೆತ್ತ ಮಗಳ ಕೈಗೆ ಉಗುಳು ಕೊಡುವುದೇ?

ಆಕೆ ಧಾರವಾಡದಲ್ಲಿ ಹಾರ್ಮೋನ್ ಮೇಲೆ ರಿಸರ್ಚ್ ಮಾಡುತ್ತಿದ್ದಾಳೆ. (ಅರ್ಧಕ್ಕೆ ಶಾಲೆ ಬಿಟ್ಟವನ ಮಗಳು! ಈ ಮಾತನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.) ಭಾರ ಹೊರುವ ಗಂಡಸರ ಮೈಯಲ್ಲಿ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನ್ ಎಷ್ಟಿದೆ ಎಂದು ನೋಡಬೇಕಂತೆ. ಸೂಜಿ ಬೇಡ, ರಕ್ತ ಬೇಡ, ಬೆಳಗಿನ ಜೊಲ್ಲು ಸಾಕು.

ಆದರೆ ಇದು ಗಂಡಸ್ತನದ ಪರೀಕ್ಷೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಒಬ್ಬರೂ ಬಾಯಿ ತೆರೆಯಲೊಲ್ಲರು.

"ಬಸಣ್ಣಾ, ಮೊದಲ ನೀ ಕೊಡು," ಎಂದ ಗೆಳೆಯ ಮಾಬೂಸಾಬ. "ಕಡಿಮಿ ಬಂತಂದ್ರ ನಾಳಿಂದ ಹಗೂರ ಮೆಣಸಿನಕಾಯಿ ಚೀಲ ಅಷ್ಟ ಹೊರು!"

ಎಲ್ಲರೂ ನಕ್ಕರು. ಮಗಳ ಮುಖ ಬಾಡಿತು. ನಾನು ಹಿಂಜರಿದರೆ ಆಕೆ ಖಾಲಿ ಟ್ಯೂಬು ಹೊತ್ತು ಧಾರವಾಡದ ಬಸ್ಸು ಹತ್ತಬೇಕು.

"ನಾಳೆ ಮುಂಜಾನಿ ಕೊಡತೀನಿ," ಎಂದೆ.

ಮರುದಿನ ಹಿತ್ತಲಲ್ಲಿ ಕೂತು ಬೇವಿನ ಕಡ್ಡಿಯಿಂದ ಹಲ್ಲು ಗಸಗಸ ತಿಕ್ಕಿದೆ. ಬಾಯಿ ಮುಕ್ಕಳಿಸಿ ಯಾರ್ಡಿಗೆ ಹೋಗಿ, ಎದೆಯುಬ್ಬಿಸಿ ಟ್ಯೂಬಿಗೆ ಉಗುಳಿದೆ. ರೇಣುಕಾ ಅದನ್ನು ಬೆಳಕಿಗೆ ಹಿಡಿದಳು. ಕೆಂಪಗಿತ್ತು.

"ಹಲ್ಲ ತಿಕ್ಕಬ್ಯಾಡ ಅಂತ ಹೇಳಿದ್ದೆನಲ್ಲಪ್ಪಾ! ಒಸಡಿನ ರಕ್ತ ಬೆರತ್ರ ಟೆಸ್ಟ್ ಕೆಡತೈತಿ."

"ಹೊಲಸ ಬಾಯಿಲೆ ನಿನಗ ಹ್ಯಾಂಗ ಕೊಡಲವ್ವಾ?"

ಆಕೆ ಟ್ಯೂಬನ್ನು ಕೆಳಗಿಟ್ಟಳು. "ನಾ ಸಣ್ಣಾಕಿದ್ದಾಗ ನೀ ಕಡದ ರೊಟ್ಟಿ ಕಸಗೊಂಡು ತಿಂತಿದ್ದೆ. ಆವಾಗ ಹೊಲಸ ಅಂದಿದ್ನೇನು?"

ಮಾಬೂಸಾಬ ತಲೆಗೆ ಸುತ್ತಿದ್ದ ಟಾವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ತಾ ಇಲ್ಲೆ, ನನಗೊಂದು ಕೊಡವ್ವಾ. ನಾ ಇನ್ನೂ ಮಾರೀನ ತೊಳದಿಲ್ಲ."

ಅವನ ಹಿಂದೆ ಉಳಿದವರೂ ನಿಂತರು. ನನ್ನ ಪಾಳಿ ಬಂದಿದ್ದು ಅದರ ಮಾರನೆಯ ದಿನ, ತೊಳೆಯದ ಬಾಯಿಯಲ್ಲಿ. ಆಕೆ ಮುಚ್ಚಳ ಬಿಗಿದು, ಟ್ಯೂಬನ್ನು ಐಸ್ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಳು.

"ನಂದು ಎಷ್ಟ ಬರತೈತಿ?"

"ಅದನ್ನ ಯಾರಿಗೂ ಹೇಳಂಗಿಲ್ಲಪ್ಪಾ, ನಿನಗೂ."

ಇರಲಿ. ಕ್ವಿಂಟಲ್‌ಗಟ್ಟಲೆ ಕಡಲೆ ಹೊರುವ ನಮಗೆ, ಮಗಳ ಮುಂದೆ ಒಂದು ಹನಿ ಜೊಲ್ಲು ಅಷ್ಟೊಂದು ಭಾರವಾಗಿದ್ದು ಯಾಕೆ?